ಸರೋವರದ ದಡದಲ್ಲಿ ಅಪ್ಪನ ಎಡೆ

ಹೋದ ವರ್ಷ ಜೂನ್‌ನಲ್ಲಿ ಅಪ್ಪನ ಎರಡನೇ ವರ್ಷದ ತಿಥಿ. ಎಡೆಯನ್ನು ಕಾಗೆ ಮುಟ್ಟದೆ ನಮ್ಮಲ್ಲಿ ಯಾರೂ ಊಟಕ್ಕೆ ಕೂರುವಂತಿಲ್ಲ. ಈ ಪರದೇಶದಲ್ಲಿ, ಮಿಸಿಸಾಗದ ನಮ್ಮ ಹಿತ್ತಲಲ್ಲಿ ಎಡೆ ಇಟ್ಟರೆ ಮೊದಲು ಹಾಜರಾಗುವುದು ಅಳಿಲು. ಮೊದಲ ತಿಥಿಯಲ್ಲಿ ಅದು ವಡೆ ಹೊತ್ತುಕೊಂಡು ಹೋಗಿ, ಅಮ್ಮ ಸಂಜೆಯವರೆಗೂ ಉಪವಾಸ ಕೂತಿದ್ದರು. ಅದಕ್ಕೇ ಈ ಸಲ ಅಮ್ಮನನ್ನು ಕಾರಿನಲ್ಲಿ ಸರೋವರದ ದಡಕ್ಕೆ ಕರೆದುಕೊಂಡು ಹೋದೆ.

ಮರಳಿನ ಮೇಲೆ ಬಾಳೆಲೆ ಹಾಸಿ, ಅನ್ನ, ವಡೆ, ಪಾಯಸ ಬಡಿಸಿ, ಹಿಂದೆ ಸರಿದು ಕೈಮುಗಿದು ನಿಂತೆವು. ಕಾಗೆ ಒಂದೂ ಇಲ್ಲ. ಬಂದದ್ದು ಸೀಗಲ್‌ಗಳು. ಒಂದು, ಎರಡು, ನೋಡನೋಡುತ್ತಲೇ ಇಡೀ ಹಿಂಡು. ಅವೂ ಹಕ್ಕಿಗಳೇ ತಾನೆ, ತಿನ್ನಲಿ ಬಿಡು ಎಂದರು ಅಮ್ಮ.

ಅಷ್ಟರಲ್ಲಿ ಕಿತ್ತಳೆ ಜಾಕೆಟ್ಟಿನ ಹೆಂಗಸೊಬ್ಬಳು ಓಡಿ ಬಂದಳು. ದಂಡ ಹಾಕುತ್ತಾಳೆಂದು ಹೆದರಿದೆ. ಹಕ್ಕಿಗೂಡು ಕಾಯುವ ಸ್ವಯಂಸೇವಕಿಯಂತೆ ಆಕೆ. ಬೈಯಲಿಲ್ಲ, ಏದುಸಿರು ಬಿಡುತ್ತಾ ಪಕ್ಕದ ಹಗ್ಗದ ಬೇಲಿ ತೋರಿಸಿದಳು. ಅಲ್ಲಿ ಪೈಪಿಂಗ್ ಪ್ಲೋವರ್ ಎಂಬ ಹಕ್ಕಿ ಗೂಡು ಮಾಡಿತ್ತು. ದೂರದ ಹ್ಯೂರಾನ್ ಸರೋವರದ ಕಡೆ ಮರಿ ಮಾಡುವ ಅಪರೂಪದ ಹಕ್ಕಿ. ಈ ದಡದಲ್ಲಿ ಆಕೆ ನೋಡಿದ್ದು ಇದೇ ಮೊದಲಂತೆ. ಅಂದು ಬೆಳಿಗ್ಗೆಯಷ್ಟೇ ನಾಲ್ಕು ಮರಿಗಳು ಮೊಟ್ಟೆಯೊಡೆದು ಬಂದಿದ್ದವು. ಸೀಗಲ್ ಕಣ್ಣಿಗೆ ಬಿದ್ದರೆ ಒಂದೂ ಉಳಿಯುವುದಿಲ್ಲ ಎಂದಳು. ಅವುಗಳ ಪಾಲಿನ ಯಮನನ್ನು ನಾನೇ ಊಟಕ್ಕೆ ಕರೆದಿದ್ದೆ.

ಒಂದು ಸೀಗಲ್ ಆಗಲೇ ಹಗ್ಗ ದಾಟಿ ಇಳಿಯಿತು. ಮುಷ್ಟಿಯಷ್ಟೇ ಇದ್ದ, ಮರಳಿನ ಬಣ್ಣದ ತಾಯಿ ಹಕ್ಕಿ ಅದರ ಎದುರಿಗೇ ಓಡಿತು. ರೆಕ್ಕೆ ಮುರಿದಂತೆ ನೆಲಕ್ಕೆ ಎಳೆಯುತ್ತಾ, ಬೀಳುತ್ತಾ ಏಳುತ್ತಾ, ನನ್ನನ್ನೇ ತಿನ್ನು ಬಾ ಎನ್ನುವ ಹಾಗೆ ಅದನ್ನು ನೀರಿನ ಕಡೆಗೆ ಸೆಳೆದುಕೊಂಡು ಹೋಯಿತು. ಕೊಕ್ಕು ಇನ್ನೇನು ತಾಗಬೇಕು, ಎರಡೂ ರೆಕ್ಕೆ ಬಿಚ್ಚಿ ಹಾರಿತು. ರೆಕ್ಕೆಗೆ ಏನೂ ಆಗಿರಲಿಲ್ಲ.

ಆದರೂ ಎಡೆ ಎತ್ತಲು ಕೈ ಬರಲಿಲ್ಲ. ಕಾಗೆ ಮುಟ್ಟುವ ಮೊದಲೇ ತೆಗೆದರೆ ಅಪ್ಪನನ್ನು ಎಲೆ ಮುಂದಿನಿಂದ ಎಬ್ಬಿಸಿದ ಹಾಗೆ.

"ಎತ್ತೋ ಎಲೆ" ಎಂದರು ಅಮ್ಮ. "ಮಕ್ಕಳ ಜೀವಕ್ಕೆ ಕುತ್ತು ತಂದು ಉಣ್ಣೋರಲ್ಲ ನಿಮ್ಮಪ್ಪ."

ಮೂವರೂ ಮಂಡಿಯೂರಿ ಮರಳಿನಿಂದ ಒಂದೊಂದು ಅಗುಳನ್ನೂ ಆರಿಸಿದೆವು. ಸ್ವಲ್ಪ ಹೊತ್ತಿಗೆ ಸೀಗಲ್‌ಗಳು ಚದುರಿದವು. ತಾಯಿ ಮರಳಿ ಬಂದು ಕೂಗಿದ್ದೇ ತಡ, ಕಾಲು ಮೂಡಿದ ಹತ್ತಿ ಉಂಡೆಗಳಂಥ ಮರಿಗಳು ಓಡಿ ಬಂದು ಅದರ ಹೊಟ್ಟೆಯಡಿ ನುಗ್ಗಿದವು. ಅಮ್ಮ ಬೆರಳು ಮಡಿಸಿ ಎಣಿಸಿದರು. ನಾಲ್ಕೂ ಇದ್ದವು.

ಅಷ್ಟು ಪುಟ್ಟ ಜೀವದಲ್ಲಿ ಅಷ್ಟು ಧೈರ್ಯ ಎಲ್ಲಿತ್ತೋ, ನೆನೆದರೆ ಇವತ್ತಿಗೂ ಕೈಮುಗಿಯಬೇಕೆನಿಸುತ್ತದೆ. ಅಂದು ಮನೆಗೆ ಬಂದಾಗ, ಅಮ್ಮ ಇವತ್ತೂ ಉಪವಾಸವೇ ಎಂದುಕೊಂಡಿದ್ದೆ. ಅವರು ಕೈಕಾಲು ತೊಳೆದು ಬಂದು ಎಲೆ ಮುಂದೆ ಕೂತರು.

"ಬಡಿಸು. ನಿಮ್ಮಪ್ಪನ ಊಟ ಆಯ್ತು" ಎಂದರು.