ಮಾವನ ಗಂಟಲಿನ ಪಥ್ಯ

ನಾನು ಬಾಯಿ ತೆಗೆಯುವುದಕ್ಕೆ ಮೊದಲೇ ಜನ ನಗುತ್ತಾರೆ. ಬಹಳ ವರ್ಷ ಇದನ್ನೇ ನನ್ನ ಸಂಪಾದನೆ ಎಂದುಕೊಂಡಿದ್ದೆ. ಸರ್ಪಂಚರ ಕೆಮ್ಮು, ಶೇರ್ ಆಟೋದವನ "ಇನ್ನೊಬ್ರಿಗೆ ಜಾಗ ಐತಿ ಬರ್ರಿ", ಇಂಟರ್‌ವ್ಯೂನಲ್ಲಿ ನಾನೇ ತೊದಲಿದ್ದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ರಾಯದುರ್ಗದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರ ಕೈಕೆಳಗೆ ಟೆಕ್ನಿಷಿಯನ್ ಆಗಿ ಸೇರಿದ ಮೇಲೆ ಅವರನ್ನೂ ಬಿಡಲಿಲ್ಲ. ಅವರದು ತೆಲುಗು ಮನೆ. ಕನ್ನಡ ಚೆನ್ನಾಗಿಯೇ ಆಡುತ್ತಾರೆ, ಆದರೆ ಪ್ರತಿ ಮಾತಿನ ಕೊನೆಗೆ ಒಂದು "ಅರ್ಥಮೈಂದಾ?" ಬೀಳಲೇಬೇಕು, ಕನ್ನಡಕ ಮೂಗಿನ ತುದಿಗೆ ಜಾರಲೇಬೇಕು.

ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಗುಮ್ಮಘಟ್ಟದ ಕಡೆ ಕುರಿ ಸಾಕಿದ್ದಾನೆ. ಅವನ ಕೂಗಿಗೆ ಎರಡು ಹೊಲದಾಚೆ ಮೇಯುವ ಕುರಿಗಳೂ ತಲೆ ಎತ್ತಿ ಬರುತ್ತಿದ್ದವು. ಆ ಕೂಗನ್ನೂ ಎಷ್ಟೋ ಸಲ ಮಾಡಿ ನಗಿಸಿದ್ದೆ. ಹೋದ ಸುಗ್ಗಿಯಲ್ಲಿ ಶೇಂಗಾ ಹೊಟ್ಟಿನ ಬಣವೆಗೆ ಕೈ ಹಾಕಿದಾಗ ಅವನಿಗೆ ನಾಗರಹಾವು ಕಚ್ಚಿತು. ನಮ್ಮ ಆಸ್ಪತ್ರೆಗೆ ತರುವಷ್ಟರಲ್ಲಿ ರೆಪ್ಪೆಗಳು ಇಳಿದಿದ್ದವು, ಎಂಜಲು ನುಂಗಲಾಗುತ್ತಿರಲಿಲ್ಲ, ಉಸಿರು ಎದೆಯ ಮೇಲೆ ಮೇಲೆಯೇ ಆಡುತ್ತಿತ್ತು. ವಿಷಕ್ಕೆ ಔಷಧ ಹಾಕಿದ್ದರೂ ಅದು ಹತ್ತುವವರೆಗೆ ಯಂತ್ರವೇ ಅವನ ಉಸಿರು ಆಡಿಸಬೇಕಿತ್ತು. ಅದಕ್ಕೆ ಗಂಟಲಿನೊಳಗೆ ಕೊಳವೆ ಇಳಿಸಬೇಕು.

ಡಾಕ್ಟರು ತುದಿಯಲ್ಲಿ ದೀಪವಿರುವ ಬಾಗಿದ ಉಕ್ಕಿನ ಪಟ್ಟಿಯಿಂದ ಮಾವನ ನಾಲಿಗೆಯನ್ನು ಪಕ್ಕಕ್ಕೆ ಸರಿಸಿ ಎತ್ತಿ ಹಿಡಿದರು. ಒಂದು ಕ್ಷಣ ನನಗೂ ಕಂಡಿತು. ಒದ್ದೆಯಾದ ಕೆಂಪಿನ ನಡುವೆ ದನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳು, ಕದ ಅರೆ ತೆರೆದ ಹಾಗೆ. ಮಾವನ ಕೂಗೆಲ್ಲ ಅಷ್ಟರಲ್ಲೇ ಇತ್ತು. ಡಾಕ್ಟರು ಕಣ್ಣು ತೆಗೆಯದೆ ಕೈ ಚಾಚಿದರು. ಕೊಳವೆ ಕೊಟ್ಟೆ. ಅದು ಆ ಎರಡರ ನಡುವೆ ದಾಟಿ ಇಳಿಯಿತು. ತುದಿಯ ಪುಟ್ಟ ಬಲೂನಿಗೆ ಗಾಳಿ ತುಂಬಿದೆ. ಎದೆಯ ಎರಡೂ ಕಡೆ ಕಿವಿಗೊಟ್ಟು ಕೇಳಿ ಡಾಕ್ಟರು ತಲೆಯಾಡಿಸಿದರು. ಕೊಳವೆಯನ್ನು ತುಟಿಯ ಬಳಿ ಕಟ್ಟಿದೆ. ಅವತ್ತು ನಾನು ಯಾರನ್ನೂ ಅಣಕಿಸಲಿಲ್ಲ.

ಆರನೆಯ ದಿನ ಕೊಳವೆ ತೆಗೆದರು. ಮಾವ ಮೊದಲು ಕೇಳಿದ್ದು "ಕುರಿ?" ಎಂದು. ಆ ದನಿ ತೂತು ಬಿದ್ದ ಟ್ಯೂಬಿನಿಂದ ಗಾಳಿ ಹೋದ ಹಾಗಿತ್ತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಪ್ಪಾ, ಹದಿನೈದು ದಿನ ಕೂಗಬಾರ್ದು. ಪಿಸುಮಾತೂ ಬೇಡ, ಅದು ಗಂಟಲನ್ನ ಇನ್ನೂ ತಿಕ್ಕುತ್ತೆ. ಆಮೇಲೆ ಬಂದು ತೋರಿಸ್ಬೇಕು, ನಾವು ನೋಡಿ ಸರಿ ಅಂದ್ಮೇಲೇ ಕೂಗೋದು. ಮನೆಯವರಿಗೆ ನೀನೇ ಸರಿಯಾಗಿ ಹೇಳು. ಅರ್ಥಮೈಂದಾ?"

ಅರ್ಥವಾಗಿತ್ತು. ಊರಿಗೆ ಹೋದರೆ ಕಟ್ಟೆಯ ತುಂಬ ಜನ. ಮಾವ ಬದುಕಿ ಬಂದ ಖುಷಿ, ಚಹಾ, ನಡುವೆ ನಾನು. ಕನ್ನಡಕದಂತೆ ಎರಡು ಬೆರಳನ್ನು ಮೂಗಿನ ತುದಿಗೆ ಜಾರಿಸಿ ಶುರು ಮಾಡಿದೆ.

"ನೋಡಪ್ಪಾ, ಕೂಗಬಾರ್ದು! ಪಿಸುಮಾತೂ ಬೇಡ! ಹೆಂಡ್ತಿ ಬೈದ್ರೂ ಬಾಯಿ ಬಿಡಬಾರ್ದು! ಅರ್ಥಮೈಂದಾ?"

ಹೆಂಡತಿಯ ಮಾತು ನಾನು ಸೇರಿಸಿದ್ದು. ಕಟ್ಟೆ ಅಲ್ಲಾಡುವಷ್ಟು ನಕ್ಕರು.

"ಮಾವನ ದನಿ ಮಾಡಲೇ!" ಎಂದು ಯಾರೋ ಕೂಗಿದರು. ಮಾಡಿದೆ. ಆ ಹರಿದ ದನಿಯಲ್ಲಿ "ಕುರಿ?" ಎಂದು ಕೇಳಿದೆ. ಮಾವನೂ ನಕ್ಕ. ಅವನ ಭುಜ ಮಾತ್ರ ಕುಲುಕಿತು, ಸದ್ದು ಬರಲಿಲ್ಲ.

ನಾನು ಮತ್ತೆ ಹೋದದ್ದು ಒಂದೂವರೆ ತಿಂಗಳ ಮೇಲೆ. ಹೊಲದ ಬದುವಿನ ಮೇಲೆ ನಿಂತು ಮಾವ ಕುರಿ ಕೂಗುತ್ತಿದ್ದ. ಕತ್ತಿನ ನರ ಉಬ್ಬುತ್ತಿತ್ತು, ಮುಖ ಕಪ್ಪಿಡುತ್ತಿತ್ತು. ಬರುತ್ತಿದ್ದದ್ದು ಕೆರೆತ ಮಾತ್ರ. ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು.

"ಅತ್ತೀ, ಯಾಕ ಕೂಗ್ತಾನ? ಕೂಗಬಾರ್ದು ಅಂತ ಹೇಳಿದ್ನಲ್ಲ? ಹದಿನೈದು ದಿನಕ್ಕ ತೋರಿಸ್ಬೇಕಿತ್ತಲ್ಲ?"

ಅತ್ತೆ ಸೆರಗಿಗೆ ಕೈ ಒರೆಸುತ್ತ ನನ್ನನ್ನೇ ನೋಡಿದಳು.

"ತೋರಿಸ್ಬೇಕು ಅಂದಿಲ್ಲ ನೀನು. ಕೂಗಬಾರ್ದು ಅಂದಿ, ಅದು ಖರೇನಾ? ಡಾಕ್ಟರ್‌ದು ಆಟ ಆಡಿದಿ ಅನ್ಕಂಡ್ವಲ್ಲೋ. ಹೆಂಡ್ತಿ ಬೈದ್ರೂ ಅಂದಿ, ನಾವೆಲ್ಲ ನಕ್ಕಿವಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಯಾವುದು ಡಾಕ್ಟರ ಮಾತು, ಯಾವುದು ನನ್ನ ಆಟ ಎಂದು ಆ ಹೊತ್ತಿನಲ್ಲೂ ತಿಳಿಯದೆ ಕೇಳುತ್ತಿದ್ದಳು. ಮತ್ತೆ ತೋರಿಸಬೇಕು ಎಂಬ ಮಾತನ್ನು ಆ ನಗುವಿನಲ್ಲಿ ನಾನು ಹೇಳಲೇ ಮರೆತಿದ್ದೆ.

ಮರುದಿನ ಮಾವನನ್ನು ಕರೆದುಕೊಂಡು ಹೋದೆ. ಗಂಟಲಿನ ಡಾಕ್ಟರು ಒಳಗೆ ನೋಡಿ, ಒಂದು ಬಿಳಿ ಪಟ್ಟಿಯ ಹಿಂಬದಿಯಲ್ಲಿ, ಕೊಳವೆ ಒತ್ತಿದ್ದ ಕಡೆ, ಜೋಳದ ಕಾಳಿನಷ್ಟು ಗಂಟು ಬೆಳೆದಿದೆ ಎಂದರು. ಕೊಳವೆಯಿಂದ ಹೀಗೆ ಕೆಲವರಿಗೆ ಆಗುತ್ತದಂತೆ, ಆದರೆ ಕೂಗಿ ಕೂಗಿ ಅದು ಹೆಚ್ಚಿದೆ. ಆರು ವಾರ ಪೂರ್ತಿ ಮೌನ. ಕರಗಿದರೆ ಸರಿ, ಇಲ್ಲದಿದ್ದರೆ ತೆಗೆಯಬೇಕು. ಹಳೆಯ ದನಿಯ ಬಗ್ಗೆ ಮಾತು ಕೊಡಲಾಗುವುದಿಲ್ಲ ಎಂದರು.

ಹೊರಗೆ ನಮ್ಮ ಡಾಕ್ಟರು ಸಿಕ್ಕರು. "ನೀನು ಮನೆಯಲ್ಲಿ ಹೇಳಿರಲಿಲ್ವಾ?"

"ಹೇಳಿದ್ದೆ ಸಾರ್," ಎಂದೆ.

ಕನ್ನಡಕ ಜಾರಿತು. ಅದನ್ನು ನೋಡಲಾಗದೆ ನೆಲ ನೋಡಿದೆ. ಹೇಗೆ ಹೇಳಿದ್ದೆ ಎನ್ನಲಿಲ್ಲ. ಅಷ್ಟು ಕೆಟ್ಟ ನಿಜವನ್ನು ನಾನು ಬೇರೆಂದೂ ಆಡಿಲ್ಲ.

ಆ ಸಂಜೆ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಲು ಎದ್ದುನಿಂತೆ. "ಮಾವ ಆರು ವಾರ ಮಾತಾಡಂಗಿಲ್ಲ" ಎಂದದ್ದೇ ತಡ, ಇಬ್ಬರು ನಕ್ಕರು. ಮತ್ತೆ ಹೇಳಿದೆ. ಒಬ್ಬ ನಕ್ಕ. ಮೂರನೆಯ ಸಲ ಗಂಟಲಿನೊಳಗಿನ ಗಂಟಿನ ಮಾತನ್ನೂ ಹೇಳಿದೆ, ಆಗ ಯಾರೂ ನಗಲಿಲ್ಲ. ಅತ್ತೆ ಎಲ್ಲರ ಎದುರು, "ಈಗ ಖರೇ ಐತೇನೋ?" ಎಂದು ಕೇಳಿದಳು. "ಖರೇ ಅತ್ತಿ," ಎಂದೆ.

ಈಗ ವಾರಕ್ಕೊಮ್ಮೆ ರಜೆಯ ದಿನ ಹೋಗುತ್ತೇನೆ. ಮೊದಲ ವಾರ ಕುರಿಗಳು ದೂರದ ಹೊಲದಲ್ಲಿ ಚೆದುರಿದ್ದವು. ಮಾವ ನನ್ನ ಎದೆಗೆ ಬೆರಳು ತಾಗಿಸಿ ಅತ್ತ ತೋರಿಸಿದ. ನನಗೆ ಬೇಡವಾಗಿತ್ತು. ಮತ್ತೆ ತೋರಿಸಿದ. ಅವನ ಹಳೆಯ ದನಿಯಲ್ಲಿ ಕೂಗಿದೆ. ಎಲ್ಲ ಕುರಿಗಳೂ ತಲೆ ಎತ್ತಿದವು, ಆದರೆ ಹೆಜ್ಜೆ ಇಡಲಿಲ್ಲ.

ಮಾವ ಅಂಗೈಯನ್ನು ಗಾಳಿಯಲ್ಲಿ ಅಡ್ಡಲಾಗಿ, ನಿಧಾನವಾಗಿ, ತೋಳು ಮುಗಿಯುವವರೆಗೂ ಎಳೆದ. ಕೂಗಿನ ಕೊನೆಯನ್ನು ಇನ್ನೂ ಉದ್ದ ಎಳೆಯಬೇಕಂತೆ. ಇಷ್ಟು ವರ್ಷ ನಾನು ಅವನನ್ನು ಅಣಕಿಸುವಾಗ ನಗು ಬಂದ ಕೂಡಲೇ ನಿಲ್ಲಿಸುತ್ತಿದ್ದೆ. ಕೂಗು ಪೂರ್ತಿ ಎಷ್ಟು ಉದ್ದ ಎಂದು ಕೇಳಿಸಿಕೊಂಡೇ ಇರಲಿಲ್ಲ.

ಮಾವನ ಕೈ ನೋಡುತ್ತ ಮತ್ತೆ ಕೂಗಿದೆ. ಅದು ಇಳಿಯುವವರೆಗೂ ನಿಲ್ಲಿಸಲಿಲ್ಲ. ಕುರಿಗಳು ಬಂದವು, ನನ್ನನ್ನು ದಾಟಿ ಮಾವನ ಹತ್ತಿರ ಹೋದವು.