ಒಂದೇ ಗೆರೆ

ಕಾಲೇಜಿನ ಪೊಲೀಸ್ ಡಿಪ್ಲೊಮಾ ಮುಗಿಸಿ ಕೆನಡಾದ ಸಡ್ಬರಿಯಲ್ಲಿ ನಮ್ಮ ಪದವಿ ತರಗತಿಗೆ ಬಂದ ಟೋಲ್ವನೆನ್, ಇಲ್ಲೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆಯೇ ಕೂರುತ್ತಾನೆ. ಮೊಣಕಾಲುದ್ದದ ಹಿಮದಲ್ಲಿ ನಡೆದು ಬಂದರೂ ಅವನ ಬೂಟು ಫಳಫಳ ಹೊಳೆಯುತ್ತದೆ. ಟಿಪ್ಪಣಿಗೆ ಗಂಟೆ, ನಿಮಿಷ ಹಾಕುತ್ತಾನೆ. ಪ್ರೊಫೆಸರ್ ಸೀನಿದ್ದೂ ದಾಖಲಾಗುತ್ತದೆ. ತಪ್ಪು ಬರೆದರೆ ಅಳಿಸುವುದಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಪುಟ್ಟ ಸಹಿ ಹಾಕುತ್ತಾನೆ. “ಹೊಡೆದು ಹಾಕಿದ್ದನ್ನೂ ಕೋರ್ಟು ಓದೋ ಹಾಗಿರ್ಬೇಕು ಕಣೋ,” ಎನ್ನುತ್ತಾನೆ. “ಇಲ್ಲೆಲ್ಲಿ ಬಂತೋ ಕೋರ್ಟು?” ಎಂದರೆ ನಕ್ಕು, ಗಡಿಯಾರ ನೋಡಿ ಮುಂದಿನ ಸಾಲು ಬರೆಯುತ್ತಾನೆ. ಪೊಲೀಸ್ ನೇಮಕಾತಿಯ ಕಣ್ಣಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದವನು. ಡಿಪ್ಲೊಮಾದ ಎರಡು ವರ್ಷವನ್ನು ಇಲ್ಲಿ ಪದವಿಯ ಒಂದು ವರ್ಷವೆಂದು ಎಣಿಸಿ ಸೇರಿಸಿಕೊಂಡರು. ನಿನ್ನೆ ಅವನ ಪ್ರಬಂಧದ ಕರಡು ನೋಡಿದೆ. “ನಾವು ಪೊಲೀಸರು” ಎಂದು ಶುರುವಾಗಿತ್ತು. “ನಾವು” ಎಂಬುದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸಹಿ. ಅದನ್ನು ಈಗಲೂ ಓದಬಹುದು.