ಖಣವಿಲ್ಲದ ಉಡಿ

ಮೊನ್ನೆ ಮೊಮ್ಮಗಳು ಬ್ರೂಸ್‌ಪೇಟೆಯಿಂದ ತಂದ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಗುಳೇದಗುಡ್ಡದ ಖಣವೊಂದಿತ್ತು. ಕುಬಸ ಹೊಲಿಯುವ ಬಟ್ಟೆಗೆ ನಮ್ಮಲ್ಲಿ ಖಣ ಅನ್ನುತ್ತೇವೆ. ಹೊಸ ಖಣಕ್ಕೆ ಅದರದೇ ಒಂದು ವಾಸನೆ; ಗಂಜಿಯದೋ ಬಣ್ಣದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮಗ್ಗುಲ ಮನೆಯಲ್ಲಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದವಳು ಕಣ್ಣ ಮುಂದೆ ಬಂದು ನಿಂತಳು. ಬಣ್ಣ ಹಿಡಿಸಲಿಲ್ಲವೇ ಎಂದು ಮೊಮ್ಮಗಳು ಕೇಳಿದಳು.

ನಾನು ಕುರುಗೋಡಿನಿಂದ ಲಗ್ನವಾಗಿ ಬಳ್ಳಾರಿಗೆ ಬಂದದ್ದು ಸ್ವಾತಂತ್ರ್ಯ ಬರುವ ಒಂದೆರಡು ವರ್ಷ ಮುಂಚೆ. ಗಂಡನ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ನಗುವವರು ಒಬ್ಬರೂ ಇರಲಿಲ್ಲ. ಆ ಕೊರತೆ ತುಂಬಿದವಳು ಅಕ್ಕ. ಆಕೆಯ ತವರು ಸಿರುಗುಪ್ಪದ ಹತ್ತಿರದ ದೇಶನೂರು. ಗಂಡ ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರ ಪೈಕಿ. ಹಾಗಾಗಿ ಇಬ್ಬರ ಪಾಲಿನ ಮಾತನ್ನೂ ಅಕ್ಕನೇ ಆಡಿ ಮುಗಿಸುತ್ತಿದ್ದಳು. ನಮ್ಮ ಎರಡು ಹಿತ್ತಿಲುಗಳ ನಡುವೆ ಒಂದು ಮೋಟುಗೋಡೆ. ನಾನು ರೊಟ್ಟಿ ದಪ್ಪ ಬಡಿದರೆ ಗೋಡೆಯಾಚೆಯಿಂದ ಸದ್ದಿನಲ್ಲೇ ಗುರುತು ಹಿಡಿದು ಆಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ಗೋಡೆಯ ಹತ್ತಿರ ಕರೆದಳು. ಮುಖದಲ್ಲಿ ನಗುವಿರಲಿಲ್ಲ. ನನ್ನ ಕೈ ಹಿಡಿದು ಸೆರಗಿನೊಳಗೆ ಎಳೆದುಕೊಂಡು ಎಡಗಡೆಯ ಎದೆಯ ಮೇಲೆ ಇಟ್ಟಳು. ಬೆರಳಿಗೆ ಹುಣಸೆ ಬೀಜದಷ್ಟು ಗಟ್ಟಿಯಾದದ್ದು ಸಿಕ್ಕಿತು.

“ನಾ ಒಬ್ಬಾಕಿನ ಹೆದರಿ ಹೆದರಿ ಸಾಕಾತು,” ಅಂದಳು. “ನೀನೂ ಒಂದೀಟು ಹೆದರು. ಹಂಚಿಗೊಳ್ಳೋಣು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಇಬ್ಬರೂ ಅತ್ತೆವು.

ಕ್ಯಾನ್ಸರ್ ಎಂಬ ಮಾತು ಆಗ ನಮ್ಮ ಓಣಿಗೆ ಬಂದಿರಲಿಲ್ಲ. ತೆಲುಗು ಮಂದಿ ರಾಚಪುಂಡು ಅನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿ. ದೇಶನೂರಿನ ಅಣ್ಣಂದಿರು ಬಂದು ಆಕೆಯನ್ನು ಸಿರುಗುಪ್ಪದ ನಾಟಿ ವೈದ್ಯನೊಬ್ಬನ ಹತ್ತಿರ ಕರೆದೊಯ್ದರು. ಅವನು ಕೊಟ್ಟ ಲೇಪದಿಂದ ಚರ್ಮ ಸುಟ್ಟಿತೇ ಹೊರತು ಗಂಟು ಕರಗಲಿಲ್ಲ. ಆಮೇಲೆ ಬಳ್ಳಾರಿಯ ಲೇಡಿ ಡಾಕ್ಟರು ನೋಡಿ, ಮದ್ರಾಸಿಗೆ ಹೋಗಿ ಆ ಮೊಲೆಯನ್ನೇ ತೆಗೆಸಬೇಕು, ತಡಮಾಡಿದರೆ ಜೀವಕ್ಕೆ ಅಪಾಯ ಅಂದರು. ಓಣಿಯ ಮಂದಿ ಬಾಯಿಗೆ ಬಂದದ್ದು ಆಡಿದರು. ಕುಯ್ಯಿಸಿಕೊಂಡವರು ಉಳಿಯುವುದಿಲ್ಲವಂತೆ, ಉಳಿದರೂ ಹೆಂಗಸಾಗಿ ಉಳಿಯುವುದಿಲ್ಲವಂತೆ. ಇವರೇ ಕುಯ್ಯಿಸಿಕೊಂಡು ಬಂದವರ ಹಾಗೆ! ಅಕ್ಕ ಕೆಲವು ದಿನ ಒಲೆ ಹಚ್ಚದೆ ಮೂಲೆ ಹಿಡಿದು ಕೂತಳು.

ಒಂದು ಬೆಳಿಗ್ಗೆ ನೋಡುತ್ತೇನೆ, ತಾನೇ ಎದ್ದು ತಲೆ ಬಾಚಿಕೊಂಡು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಳೆ. ಹೆದರಿಕೆ ಹೋಯಿತೇ ಎಂದು ಕೇಳಿದೆ. ಎಲ್ಲಿ ಹೋಗುತ್ತದೆ, ಅದನ್ನೂ ಟಿಕೆಟ್ ಇಲ್ಲದೆ ಗಾಡಿ ಹತ್ತಿಸುತ್ತೇನೆ ಅಂದಳು. ಸ್ಟೇಷನ್ನಿನಲ್ಲಿ ನಾನು ಹಿಡಿದ ಆಕೆಯ ಕೈ ತಣ್ಣಗಿತ್ತು. ಬಾಯಿ ಮಾತ್ರ, ಬರುವಷ್ಟರಲ್ಲಿ ರೊಟ್ಟಿ ಬಡಿಯುವುದು ಕಲಿತಿರು ಎಂದು ನನಗೇ ಹೇಳುತ್ತಿತ್ತು.

ತಿಂಗಳುಗಳ ಮೇಲೆ ತಿರುಗಿ ಬಂದಳು. ಸೊರಗಿದ್ದಳು. ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ಯಾರಾದರೂ ಬಂದರೆ ಸೆರಗನ್ನು ಮೈತುಂಬ ಬಿಗಿದು ಹೊದ್ದು ಕೂರುತ್ತಿದ್ದಳು. ಬದುಕಿ ಬಂದ ಮುತ್ತೈದೆಗೆ ಉಡಿ ತುಂಬಬೇಕೆಂದು ನಮ್ಮ ಅತ್ತೆ ಆಕೆಯ ಮನೆಯಲ್ಲಿ ಓಣಿಯ ಹೆಂಗಸರನ್ನು ಸೇರಿಸಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನ ಕೊಂಬು, ಎಲೆ ಅಡಿಕೆ ಎಲ್ಲ ತಟ್ಟೆಗೆ ಬಂತು. ಖಣ ಮಾತ್ರ ಬರಲಿಲ್ಲ. ಮರೆತಿರಬೇಕೆಂದು ನಾನು ನೆನಪಿಸಿದರೆ ಅತ್ತೆ ಕಣ್ಣು ಬಿಟ್ಟರು. ಕುಬಸದ ಬಟ್ಟೆ ಕೊಟ್ಟು ಆ ಬಡಜೀವವನ್ನು ಯಾಕೆ ನೋಯಿಸಬೇಕು ಎಂಬುದು ಅವರ ಲೆಕ್ಕ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಕರುಣೆಯಿಂದಲೇ. ನಮ್ಮ ಮಂದಿಯ ಕರುಣೆ ಒಮ್ಮೊಮ್ಮೆ ಹೀಗಿರುತ್ತದೆ.

ಅಕ್ಕ ಮಣೆಯ ಮೇಲೆ ಕೂತು ಸೆರಗೊಡ್ಡಿದಳು. ತಟ್ಟೆಯನ್ನು ನೋಡಿದಳು, ಮತ್ತೊಮ್ಮೆ ನೋಡಿದಳು.

“ಖಣ ಎಲ್ಲೈತ್ರಿ, ಅತ್ತಿ?”

“ಇರ್ಲಿ ಬಿಡವ್ವ... ನಿನ್ನ ಮನಸಿಗೆ ಹತ್ತೀತಂತ...” ಅತ್ತೆಯ ಮಾತು ಅಲ್ಲೇ ನಿಂತಿತು.

ಅಕ್ಕ ಒಡ್ಡಿದ ಸೆರಗನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಡಾಕ್ಟರ್ರು ಒಂದು ತಗದಾರ್ರಿ. ಇನ್ನೊಂದೈತಿ. ಬೆನ್ನೈತಿ, ಎರಡು ತೋಳದಾವು. ಕುಬಸ ತೊಡಾಕ ಇಷ್ಟು ಸಾಲೂದಿಲ್ಲೇನ್ರಿ?”

ಪಡಸಾಲೆಯಲ್ಲಿದ್ದ ಆಕೆಯ ಗಂಡ ಕೆಮ್ಮಿದ. ಅತ್ತೆ ಎದ್ದು ಹೊರಟೇ ಹೋದರು, ಸಿಟ್ಟಾದರೆಂದೇ ನಾವು ತಿಳಿದೆವು. ಹೋದವರು ಮನೆಗೆ ಹೋಗಿ, ಮಗಳ ಸೀಮಂತಕ್ಕೆಂದು ಪೆಟ್ಟಿಗೆಯ ತಳದಲ್ಲಿ ಎತ್ತಿಟ್ಟಿದ್ದ ಕೆಂಪು ಖಣ ತಂದು ಎಲ್ಲಕ್ಕಿಂತ ಮೊದಲು ಅದನ್ನೇ ಉಡಿಗೆ ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು. ಅಕ್ಕನ ಕಣ್ಣಲ್ಲಿ ಇರಲಿಲ್ಲ.

ಆ ಖಣವನ್ನು ಅಕ್ಕ ತಾನೇ ಹೊಲಿದುಕೊಂಡಳು. ಎಡಗಡೆಗೆ ಮೊದಲು ಅರಳೆ ತುಂಬಿದಳು. ಅದು ಹಗುರ, ಮೈ ಅಲುಗಿದಾಗಲೆಲ್ಲ ಹೆಗಲಿನ ಹತ್ತಿರ ಏರಿ ಕೂರುತ್ತಿತ್ತು. ಕೊನೆಗೆ ಉಡಿಯ ಅಕ್ಕಿಯನ್ನೇ ಸಣ್ಣ ಚೀಲಕ್ಕೆ ತುಂಬಿ ಒಳಗೆ ಹೊಲಿದಳು. ತೂಕ ಸರಿಹೋಯಿತು. ಹುಳ ಬೀಳುವ ಮುಂಚೆ ಅನ್ನ ಮಾಡಿಬಿಡಬೇಕು ಎಂದು ತಾನೇ ತಮಾಷೆ ಮಾಡುತ್ತಿದ್ದಳು. ಆ ಕುಬಸ ತೊಟ್ಟು, ಸೆರಗು ಸಡಿಲ ಬಿಟ್ಟು, ನನ್ನ ಜೊತೆ ಬಜಾರಿಗೆ ತರಕಾರಿ ತರಲು ಬಂದಳು. ನೋಡುವವರು ನೋಡಿದರು.

ಅಷ್ಟರಿಂದ ಹೆದರಿಕೆ ಮನೆ ಬಿಟ್ಟು ಹೋಯಿತೆಂದಲ್ಲ. ಕೆಮ್ಮು ಬಂದರೂ ದಿಗಿಲು, ಬೆನ್ನು ಹಿಡಿದರೂ ದಿಗಿಲು. ಅದೇ ತಿರುಗಿ ಬಂತೇ... ಅದಕ್ಕೆ ಆಕೆಯೊಂದು ಉಪಾಯ ಹೂಡಿದಳು. ದೇಶನೂರಿನಲ್ಲಿ ಆಕೆಯ ತವರಿನವರು ಅಮಾವಾಸ್ಯೆಗೆ ಎತ್ತು ಹೂಡುತ್ತಿರಲಿಲ್ಲ. ಬೇರೆ ಕೆಲಸವಿಲ್ಲದ ಆ ದಿನವನ್ನೇ ಅಕ್ಕ ಹೆದರುವುದಕ್ಕೆ ಇಟ್ಟುಕೊಂಡಳು. “ನಡುವ ಬಂದ್ರ, ಅಮಾಸಿಗೆ ಬಾ ಹೋಗು ಅಂತೀನಿ,” ಅನ್ನುತ್ತಿದ್ದಳು. ಅಮಾವಾಸ್ಯೆಯ ಬೆಳಿಗ್ಗೆ ಬಚ್ಚಲಲ್ಲಿ ಕಂಕುಳು, ಕುತ್ತಿಗೆ, ಉಳಿದ ಎದೆ ಎಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಗೋಡೆಯ ಈಚೆ ನಾನು ಜೀವ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದೆ. ಹೊರಗೆ ಬಂದು ಏನೂ ಇಲ್ಲವೆಂದು ಕೈಯಾಡಿಸಿದಾಗ ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದೆವು.

ಎಲ್ಲ ಸಲವೂ ಉಪಾಯ ನಡೆಯುತ್ತಿರಲಿಲ್ಲ. ಒಮ್ಮೆ ಹುಣ್ಣಿಮೆಯ ಹೊತ್ತಿಗೆ ನಾನು ಆಕೆಯ ಮನೆಗೆ ಹೋದಾಗ, ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿದ್ದರೂ ಸುಮ್ಮನೆ ನೋಡುತ್ತ ಕೂತಿದ್ದಳು. ಹೆದರಿಕೆ ಈ ಸಲ ಹೇಳದೆ ಕೇಳದೆ ಬಂದುಬಿಟ್ಟಿದೆ ಅಂದಳು. ನಾನು ಹಂಚು ಇಳಿಸಿ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹಿಟ್ಟು ನಾದಿದಳು.

ಹೀಗೆ ವರ್ಷಗಳು ಹೋದವು. ಬಳ್ಳಾರಿ ಮೈಸೂರಿಗೋ ಆಂಧ್ರಕ್ಕೋ ಎಂದು ಊರೆಲ್ಲ ವಾದ ಮಾಡುತ್ತಿದ್ದ ಕಾಲದಲ್ಲಿ ಆಕೆಯ ಬೆನ್ನುನೋವು ಬಂದದ್ದು ಹೋಗಲಿಲ್ಲ. ರೋಗ ಎಲುಬಿಗೆ ಇಳಿದಿದೆ ಎಂದು ಡಾಕ್ಟರು ಕೈಚೆಲ್ಲಿದರು. ಅಕ್ಕ ನನ್ನನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡಳು. ಹೆದರಿಕೆ ಆಗುತ್ತದೆಯೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ.

“ಐತಿ. ಇಲ್ಲ ಅಂದ್ರ ಸುಳ್ಳಾಕೈತಿ. ಆದ್ರ ಈಗ ಅದು ಗುರುತಿಂದು. ಅದರ ಮುಂದ ಕುಂತು ಉಣ್ಣಾಕೂ ಬರ್ತೈತಿ ನನಗ.”

ಅಂದು ನಿಜಕ್ಕೂ ಉಂಡಳು. ನುಚ್ಚು ಮಜ್ಜಿಗೆ, ನಾನು ಕಲಸಿ ಕೊಟ್ಟದ್ದು. ಆ ಸುಗ್ಗಿಯಲ್ಲಿ ತವರಿಗೆ ಹೋದವಳು ದೇಶನೂರಿನಲ್ಲೇ ತೀರಿಕೊಂಡಳು.

ಮದ್ರಾಸಿನಿಂದ ಬಂದ ಮೇಲಿನ ಅಷ್ಟೂ ವರ್ಷ ಆಕೆ ಸಾವನ್ನು ಕಾಯುತ್ತ ಕೂರಲಿಲ್ಲ, ಬಾಳಿದಳು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆ. ನಮ್ಮ ಓಣಿಯಲ್ಲಿ ಯಾವ ಹೆಂಗಸಿನ ಕೈಗೆ ಗಂಟು ಸಿಕ್ಕರೂ ಮೊದಲು ನನ್ನ ಹತ್ತಿರ ಬರುತ್ತಾಳೆ. ನಾನು ಜೊತೆಗೆ ಆಸ್ಪತ್ರೆಗೆ ಹೋಗುತ್ತೇನೆ, ಬೈದಾದರೂ ಒಳಗೆ ಕಳಿಸುತ್ತೇನೆ. ನನ್ನ ಕಾಲು ನಡುಗುವುದಿಲ್ಲ. ಅಕ್ಕ ಹೋದಾಗ ಆಕೆಗೆ ನಲವತ್ತು ತುಂಬಿರಲಿಲ್ಲ. ಈಗ ನನ್ನ ಹಿರಿಯ ಮಗಳೇ ಆಕೆಗಿಂತ ದೊಡ್ಡವಳು. ಆದರೂ ನನ್ನ ಬಾಯಲ್ಲಿ ಬರುವುದು ಅಕ್ಕ ಎಂದೇ. ಧೈರ್ಯ ನನಗೇನೂ ಕಡಿಮೆಯಿಲ್ಲ. ಆದರೆ ಆಕೆ ಮುದುಕಿಯಾಗಬೇಕಿತ್ತು, ಹಲ್ಲಿಲ್ಲದ ಬಾಯಲ್ಲಿ ನನ್ನನ್ನು ಆಡಿಕೊಳ್ಳುತ್ತ ಎದುರಿಗೆ ಕೂತಿರಬೇಕಿತ್ತು... ಆ ಒಂದು ಸುಖ ನನಗೆ ಸಿಗಲಿಲ್ಲ.